ಮುಚ್ಚಿಟ್ಟ ಜ್ವರ



ಮೊನ್ನೆ ಅಡುಗೆಮನೆಗೆ ಸುಣ್ಣ ಹೊಡೆಸುವಾಗ ಕ್ಯಾಲೆಂಡರಿನ ಹಿಂದೆ ಅಂಟಿಸಿದ್ದ ಒಂದು ಹಳೆಯ ಚೀಟಿ ಸಿಕ್ಕಿತು. ಅದರಲ್ಲಿ ನಮ್ಮ ಓಣಿಯ ಆಶಾ ಕಾರ್ಯಕರ್ತೆಯ ಫೋನ್ ನಂಬರು, ಕೆಳಗೆ ನನ್ನದೇ ಅಕ್ಷರದಲ್ಲಿ ‘ಆಕ್ಸಿಜನ್ 88’ ಎಂದು ಬರೆದಿತ್ತು. ಸುಣ್ಣ ಹೊಡೆಯುವ ಹುಡುಗ, “ಒಗೀಲೇನ್ರಿ ಅಕ್ಕಾರ?” ಎಂದ. “ಬ್ಯಾಡಪ್ಪ, ಇರಲಿ” ಎಂದೆ. ಈ ಸಲ ಅಡುಗೆಯ ಮಾತು ಸ್ವಲ್ಪ ಆಮೇಲೆ. ಮೊದಲು ಈ ಚೀಟಿಯ ಕಥೆ ಕೇಳಿ. ನಾನು ಮಾಡಿದ ಒಂದು ತಪ್ಪಿನ ಕಥೆ ಇದು.

ನಮ್ಮೂರು ಮಾದನಹಿಪ್ಪರಗಾ. ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನಲ್ಲಿ, ಮಹಾರಾಷ್ಟ್ರದ ಗಡಿಗೆ ಹತ್ತಿರದ ಊರು. ದುಡಿಮೆಗಾಗಿ ಸೊಲ್ಲಾಪುರ, ಪುಣೆ, ಮುಂಬಯಿಗೆ ಹೋಗುವವರು ಈ ಸೀಮೆಯಲ್ಲಿ ಬಹಳ ಮಂದಿ. ಕೊರೋನಾದಿಂದ ಇಡೀ ದೇಶದಲ್ಲಿ ಮೊದಲ ಸಾವು ಆದದ್ದು ನಮ್ಮ ಕಲಬುರಗಿಯವರದೇ. 2020ರ ಮಾರ್ಚ್ 10ರಂದು 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಅದು ಕೊರೋನಾ ಎಂದು 12ನೇ ತಾರೀಖು ಖಚಿತವಾಯಿತು. ಅಂದಿನಿಂದಲೇ ಅಂಜಿಕೆ ನಮ್ಮ ಮನೆಗಳೊಳಗೆ ಬಂದು ಕೂತಿತು. ಮಾರ್ಚ್ 25ಕ್ಕೆ ದೇಶವೆಲ್ಲ ಬಂದ್ ಆಯಿತು. ಮೇ ತಿಂಗಳಲ್ಲಿ ಮಹಾರಾಷ್ಟ್ರಕ್ಕೆ ದುಡಿಯಲು ಹೋದವರು ಗಂಟುಮೂಟೆ ಹೊತ್ತು, ಮಕ್ಕಳ ಕೈ ಹಿಡಿದು ತಿರುಗಿ ಬಂದರು. ಅವರನ್ನು ಶಾಲೆ, ಹಾಸ್ಟೆಲುಗಳಲ್ಲಿ ಬೇರೆಯಾಗಿ ಇರಿಸಿದರು. ಅವರೇನು ಪರರೇ? ನಮ್ಮ ಅಕ್ಕತಂಗಿಯರೇ, ನಮ್ಮ ಮಕ್ಕಳೇ. ಆದರೂ “ಮುಂಬೈದವರು ಬಂದಾರ” ಎಂದು ಬಾಗಿಲು ಹಾಕಿಕೊಂಡವರಲ್ಲಿ ನಾನೂ ಒಬ್ಬಳು.

ಬಾಗಿಲು ಹಾಕಿಕೊಂಡವರಿಗೆ ಒಂದು ದಿನ ತಮ್ಮ ಸರದಿಯೂ ಬರುತ್ತದೆ, ನೋಡಿ.

2021ರ ಏಪ್ರಿಲ್. ಎರಡನೇ ಅಲೆ ಜೋರಾಗಿತ್ತು. ಅರವತ್ತು ದಾಟಿದವರಿಗೆ ಮಾರ್ಚ್ 1ರಿಂದಲೇ ಲಸಿಕೆ ಕೊಡುತ್ತಿದ್ದರು. “ಬ್ಯಾಸಿಗಿ ಕಳೀಲಿ, ಆಮ್ಯಾಲ ನೋಡೋಣ” ಎಂದು ನಮ್ಮ ಮಾವನವರು ಮುಂದೂಡಿದ್ದರು. ಸೊಲ್ಲಾಪುರದಿಂದ ನೆಂಟರು ಬಂದು ಹೋದ ಮೇಲೆ ಅವರಿಗೆ ಜ್ವರ ಬಂತು. ಅತ್ತೆ ನನ್ನನ್ನು ಒಳಗೆ ಕರೆದು, “ಯಾರ ಮುಂದೂ ಬಾಯಿ ಬಿಡಬ್ಯಾಡ. ಹಾಲಿನವ ಬರಾಂಗಿಲ್ಲ, ಅಂಗಡಿಯವ ಸಾಮಾನು ಕೊಡಾಂಗಿಲ್ಲ. ಮನ್ಯಾಗ ಲಗ್ನದ ಹುಡುಗಿ ಅದಾಳ” ಎಂದರು. ಮರುದಿನ ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದಳು. ಬಿಸಿಲಲ್ಲಿ ನಿಂತು, ಕೈಯಲ್ಲಿ ಪುಸ್ತಕ ಹಿಡಿದು, “ಮನ್ಯಾಗ ಯಾರಿಗರ ಜ್ವರ, ಕೆಮ್ಮು ಐತೇನ್ರಿ?” ಎಂದು ಕೇಳಿದಳು. ನಾನು ಹೊಸ್ತಿಲಲ್ಲೇ ನಿಂತು ಹೇಳಿದೆ: “ಇಲ್ಲವ್ವ, ಎಲ್ಲಾರೂ ಆರಾಮ ಇದ್ದೀವಿ.”

ನಾಲ್ಕು ದಿನ ಹೀಗೆ ಕಳೆಯಿತು. ಆ ನಾಲ್ಕು ದಿನವೂ ಪಕ್ಕದ ಮನೆಯ ಅಜ್ಜಿ ಎಂದಿನಂತೆ ಮಜ್ಜಿಗೆಗೆ ಬಂದರು, ಮಾವನವರ ಹಾಸಿಗೆಯ ಹತ್ತಿರ ಕೂತು ಮಾತಾಡಿ ಹೋದರು. ಬರಬೇಡಿ ಎಂದರೆ ಯಾಕೆ ಎಂದು ಕೇಳುತ್ತಾರಲ್ಲ! ಅದಕ್ಕೇ ಸುಮ್ಮನಿದ್ದೆವು.

ಐದನೇ ದಿನ ಮಾವನವರಿಗೆ ಉಸಿರು ಕಟ್ಟಿದಂತಾಯಿತು. ಆಗ ಫೋನ್ ಮಾಡಿದ್ದು ಯಾರಿಗೆ? ನಾನು ಸುಳ್ಳು ಹೇಳಿ ಕಳಿಸಿದ ಅದೇ ಹೆಣ್ಣುಮಗಳಿಗೆ. ಆಕೆ ಒಂದು ಮಾತೂ ಬೈಯಲಿಲ್ಲ. ಬಂದು ಬೆರಳಿಗೆ ಯಂತ್ರ ಹಚ್ಚಿ ನೋಡಿದಳು. 88 ತೋರಿಸಿತು. 108ಕ್ಕೆ ಫೋನ್ ಮಾಡಿ, ಗಾಡಿ ಬರುವವರೆಗೆ ನಮ್ಮ ಅಂಗಳದಲ್ಲೇ ನಿಂತಿದ್ದಳು. ಮಾವನವರು ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಆದರೆ ಪಕ್ಕದ ಮನೆಯ ಅಜ್ಜಿ ಬರಲಿಲ್ಲ. ಅವರಿಗೆ ನಮ್ಮ ಮನೆಯಿಂದಲೇ ಹತ್ತಿತೋ, ಸಂತೆಯಿಂದ ಬಂತೋ, ಯಾರು ಹೇಳಬಲ್ಲರು? ಅವರ ಮಗಳು ನನ್ನನ್ನು ಇಂದಿಗೂ ಒಂದು ಮಾತು ಕೇಳಿಲ್ಲ. ಕೇಳಿದ್ದರೆ ಚೆನ್ನಾಗಿತ್ತೇನೋ.

ಸೋದರಿಯರೇ, ನಾವು ಜ್ವರ ಮುಚ್ಚಿಟ್ಟದ್ದು ಯಾಕೆ? ರೋಗಕ್ಕೆ ಅಂಜಿ ಅಲ್ಲ, ನೆರೆಹೊರೆಗೆ ಅಂಜಿ. ರೋಗಿಯ ಮನೆಯ ಬಾಗಿಲಿಗೆ ಚೀಟಿ ಹಚ್ಚುವ ಪದ್ಧತಿ ಆಗ ಹಲವು ಕಡೆ ಇತ್ತು. ಅದರಿಂದ ಜನ ಅಂಥ ಮನೆಯವರನ್ನು ಮುಟ್ಟಬಾರದವರಂತೆ ಕಾಣುತ್ತಾರೆ ಎಂದು ಸುಪ್ರೀಂ ಕೋರ್ಟೇ ಹೇಳಿತು. ವಿಶೇಷ ಆದೇಶವಿಲ್ಲದೆ ಹಾಗೆ ಹಚ್ಚಕೂಡದೆಂದು 2020ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಆದರೆ ಜನರ ಕಣ್ಣಿನ ಚೀಟಿ ಕಿತ್ತುಹಾಕಲು ಯಾವ ಕೋರ್ಟಿಗೆ ಸಾಧ್ಯ? ಅದು ನಮ್ಮ ನಿಮ್ಮ ಕೆಲಸ. ಜ್ವರ ಬಂದವರ ಮನೆಗೆ ಓಣಿಯವರು ಒಂದು ತಂಬಿಗೆ ಹಾಲು ತಂದಿಡುತ್ತಾರೆ ಎಂಬ ಭರವಸೆ ಇದ್ದರೆ ಯಾರೂ ಜ್ವರ ಮುಚ್ಚಿಡುವುದಿಲ್ಲ.

ಆಶಾ ಕಾರ್ಯಕರ್ತೆಯರ ಬಗ್ಗೆಯೂ ಒಂದು ಮಾತು. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ ಈ ಯೋಜನೆ ಶುರುವಾಯಿತು. ಸುಮಾರು ಸಾವಿರ ಜನಕ್ಕೆ ಒಬ್ಬಳು, ಅದೇ ಊರಿನ ಹೆಣ್ಣುಮಗಳು. ಸಂಬಳವಲ್ಲ, ಗೌರವಧನ ಮತ್ತು ಮಾಡಿದ ಕೆಲಸಕ್ಕೆ ತಕ್ಕಷ್ಟು ಹಣ. 2020ರ ಜುಲೈನಲ್ಲಿ ಕರ್ನಾಟಕದ ಆಶಾಗಳು ತಿಂಗಳಿಗೆ 12,000 ರೂಪಾಯಿ ಖಚಿತ ಗೌರವಧನ ಬೇಕು, ಮಾಸ್ಕು ಮೊದಲಾದ ರಕ್ಷಣೆಯ ಸಾಮಾನು ಬೇಕು ಎಂದು ಕೆಲಸ ನಿಲ್ಲಿಸಬೇಕಾಯಿತು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಎಲ್ಲ ಆಶಾಗಳಿಗೂ ಜಾಗತಿಕ ಪ್ರಶಸ್ತಿ ಕೊಟ್ಟಿತು. ಒಳ್ಳೆಯದೇ. ಆದರೆ ಬಿಸಿಲಲ್ಲಿ ಬಂದು ನಿಂತವಳಿಗೆ ನಾವು ಕೊಡಬೇಕಾದದ್ದು ಮೊದಲು ಒಂದು ಲೋಟ ನೀರು, ಆಮೇಲೆ ನಿಜವಾದ ಉತ್ತರ. ನಾನು ಅಂದು ಎರಡನ್ನೂ ಕೊಡಲಿಲ್ಲ.

2023ರ ಮೇ 5ರಂದು ಕೊರೋನಾದ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಹಾಗೆಂದು ಮರೆತು ಕೂರಬಾರದು. ಬಾಯಾರಿದಾಗ ಬಾವಿ ತೋಡಿದರೆ ಆದೀತೇ? ಈಗಲೇ ಮಾಡಿಡಬಹುದಾದ ಕೆಲವು ಕೆಲಸ ಹೇಳುತ್ತೇನೆ.

ನಿಮ್ಮ ಓಣಿಯ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಹೆಸರು, ಫೋನ್ ನಂಬರು ಅಡುಗೆಮನೆಯ ಗೋಡೆಗೆ ಬರೆದು ಹಚ್ಚಿ. ಜೊತೆಗೆ ಆಂಬುಲೆನ್ಸಿಗೆ 108. ಮನಸ್ಸು ಕುಗ್ಗಿದಾಗ, ನಿದ್ದೆ ಬಾರದೆ ಅಂಜಿಕೆಯಾದಾಗ ಮಾತಾಡಲು ಟೆಲಿ-ಮಾನಸ್, 14416. ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಓಣಿಯಲ್ಲಿ ಒಂಟಿಯಾಗಿರುವ ಮುದುಕರು, ಗರ್ಭಿಣಿಯರು, ಬಾಣಂತಿಯರು, ಬಿಪಿ-ಸಕ್ಕರೆ ಗುಳಿಗೆ ತಿನ್ನುವವರು ಯಾರು ಎಂಬುದು ನಾಲ್ಕು ಮನೆಯ ಹೆಂಗಸರಿಗಾದರೂ ಗೊತ್ತಿರಲಿ. ಎಲ್ಲ ಬಂದ್ ಆದಾಗ ಅವರ ಗುಳಿಗೆ ಮುಗಿಯುವ ಮೊದಲೇ ತರಿಸಬೇಕಾಗುತ್ತದೆ.

ನಿಮ್ಮ ಸ್ವಸಹಾಯ ಸಂಘದಿಂದ ಒಂದು ಥರ್ಮಾಮೀಟರ್, ಬೆರಳಿಗೆ ಹಚ್ಚುವ ಒಂದು ಆಕ್ಸಿಮೀಟರ್ ಕೊಂಡಿಡಿ. ಮನೆಗೊಂದು ಬೇಕಿಲ್ಲ, ಓಣಿಗೊಂದು ಸಾಕು. ಒಬ್ಬರಿಗೆ ಹಚ್ಚಿದ ಮೇಲೆ ಒರೆಸಿ ಮತ್ತೊಬ್ಬರಿಗೆ ಹಚ್ಚಿ. ಬೆರಳಿನಲ್ಲಿ ಮೆಹೆಂದಿ, ಉಗುರುಬಣ್ಣ ಇದ್ದರೆ ಲೆಕ್ಕ ತಪ್ಪಬಹುದು. ಆರಾಮಾಗಿ ಕೂತಾಗಲೂ 94ಕ್ಕಿಂತ ಕೆಳಗೆ ಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಕಷಾಯ ಗಂಟಲಿಗೆ ಹಿತ, ನಿಜ. ಆದರೆ ಅದು ವೈದ್ಯರಿಗಾಗಲಿ ಲಸಿಕೆಗಾಗಲಿ ಬದಲಿಯಲ್ಲ.

ಅಂಟುವ ಜ್ವರದ ರೋಗಿಯನ್ನು ಗಾಳಿ-ಬೆಳಕು ಇರುವ ಬೇರೆ ಕೋಣೆಯಲ್ಲಿ ಇರಿಸಬೇಕು, ಆದರೆ ಮನಸ್ಸಿನಿಂದ ಬೇರೆ ಇಡಬಾರದು. ಬಾಗಿಲ ಹೊರಗೆ ಊಟ ಇಟ್ಟು, ದೂರದಿಂದಲೇ “ಹ್ಯಾಂಗಿದ್ದೀರಿ?” ಎಂದು ದಿನಕ್ಕೊಮ್ಮೆ ಕೂಗಿ ಕೇಳಿ. ಆ ಒಂದು ಕೂಗು ಎಷ್ಟು ಧೈರ್ಯ ಕೊಡುತ್ತದೆ ಎಂಬುದು ಮಲಗಿದವರಿಗೇ ಗೊತ್ತು.

ಇನ್ನು ಆ ಬಾಗಿಲಿಗೆ ಇಡುವ ಊಟದ ಮಾತು. ನಮ್ಮ ಕಲಬುರಗಿಯ ತೊಗರಿಬೇಳೆಯ ಕಟ್ಟು ಬಾಯಿ ಕೆಟ್ಟವರಿಗೂ ರುಚಿಸುತ್ತದೆ.

ಬೇಳೆಕಟ್ಟು: ಅರ್ಧ ಬಟ್ಟಲು ತೊಗರಿಬೇಳೆಯನ್ನು ತೊಳೆದು, ನಾಲ್ಕು ಬಟ್ಟಲು ನೀರು, ಚಿಟಿಕೆ ಅರಿಸಿನ, ಎರಡು ಹನಿ ಎಣ್ಣೆ ಹಾಕಿ ಮೆತ್ತಗೆ ಬೇಯಿಸಿ. ಚೆನ್ನಾಗಿ ಕಡೆದು, ಬೇಕಾದಷ್ಟು ನೀರು ಬೆರೆಸಿ ತೆಳ್ಳಗೆ ಮಾಡಿ. ನಾಲ್ಕು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಜೀರಿಗೆ, ಏಳೆಂಟು ಮೆಣಸಿನಕಾಳು ಜಜ್ಜಿ ಒಂದು ಚಮಚ ತುಪ್ಪದಲ್ಲಿ ಕರಿಬೇವಿನ ಜೊತೆ ಒಗ್ಗರಣೆ ಕೊಡಿ. ಉಪ್ಪು ಹಾಕಿ ಒಂದು ಕುದಿ ಬಂದ ಮೇಲೆ ಇಳಿಸಿ, ಸ್ವಲ್ಪ ನಿಂಬೆರಸ ಹಿಂಡಿ. ಮೆತ್ತಗೆ ಬೆಂದ ಜೋಳದ ನುಚ್ಚಿನ ಮೇಲೆ ಹಾಕಿ ಕೊಟ್ಟರೆ ಹೊಟ್ಟೆಗೂ ಭಾರವಿಲ್ಲ, ಮೈಗೂ ಬಲ.

ಮಾಡುವಾಗ ಒಂದು ಹಿಡಿ ಬೇಳೆ ಹೆಚ್ಚಿಗೆ ಹಾಕಿ. ಪಕ್ಕದ ಮನೆಗೂ ಒಂದು ಬಟ್ಟಲು ಬೇಕಾದೀತು.

ಅಡುಗೆಮನೆಯ ಸುಣ್ಣ ಒಣಗಿದೆ. ಚೀಟಿಯನ್ನು ಮತ್ತೆ ಅದೇ ಜಾಗದಲ್ಲಿ ಅಂಟಿಸಿದ್ದೇನೆ. ಈ ಸಲ ಕ್ಯಾಲೆಂಡರಿನ ಹಿಂದೆ ಅಲ್ಲ, ಮುಂದೆ.