ಮಾತಾಡುವ ಯಂತ್ರವೂ ಜೇವರ್ಗಿಯ ಮಾತೂ

ಯಂತ್ರಗಳು ಮನುಷ್ಯರೊಡನೆ ಸಂವಾದಿಸುವ ಕಾಲವು ಬಂದಿರುವದು. ರೈತನು ದೂರವಾಣಿಯಲ್ಲಿ ಬಾಯಿಂದ ಕೇಳಿದರೆ, ಯಂತ್ರವು ಧಾರಣೆಯನ್ನೂ ಹವೆಯನ್ನೂ ಬಾಯಿಂದಲೇ ಹೇಳುವದು. ತುಮಕೂರಿನ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯದ ಸಂಶೋಧಕರು ಇಂಥದೊಂದು ಕನ್ನಡ ವ್ಯವಸ್ಥೆಯನ್ನು ರೈತರ ಧ್ವನಿಗಳಿಂದಲೇ ಕಟ್ಟಿ, 2017ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಪ್ರಯತ್ನವು ಸ್ತುತ್ಯವಾದುದು. ಆದರೆ ಆಳಂದ, ಅಫಜಲಪುರ, ಜೇವರ್ಗಿಗಳ ಒಕ್ಕಲಿಗನು ಇಂಥ ಯಂತ್ರದ ಮುಂದೆ ಬಾಯಿ ತೆರೆದಾಗ, ಅದು ಯಾರ ಕನ್ನಡವನ್ನು ಕನ್ನಡವೆಂದೆಣಿಸುವದು?

ಈ ಸೀಮೆಯಲ್ಲಿ ಮಳೆಯು ‘ಮಳಿ’, ಬೆಲೆಯು ‘ಬೆಲಿ’; ಬರುತ್ತಿದ್ದೇನೆ ಎಂಬದು ‘ಬರಲತ್ತೀನಿ’. ಒಂದೂವರೆಗೆ ‘ದೀಡ’, ಎರಡೂವರೆಗೆ ‘ಅಡೀಚ’. ಮಹಾರಾಷ್ಟ್ರದ ಗಡಿಗೆ ಹತ್ತಿದ ಆಳಂದದಲ್ಲಿ ಮರಾಠಿಯೂ ದಖನಿಯೂ ಮಾತಿನೊಳಗೆ ಹೆಣೆದುಕೊಂಡಿರುವವು. ‘ತೊಗರಿ ರೇಟ್ ಎಷ್ಟ ನಡದದ?’ ಎಂದವನಿಗೆ ‘ಕ್ಷಮಿಸಿ, ಅರ್ಥವಾಗಲಿಲ್ಲ’ ಎಂಬ ಉತ್ತರವೇ ಮೂರು ಸಲ ಬಂದರೆ, ತಿಳಿಯದಿದ್ದುದು ಯಂತ್ರಕ್ಕೆ. ನಾಚಿಕೆಯು ಮಾತ್ರ ರೈತನಿಗೆ.

ಗ್ರಾಂಥಿಕ ಭಾಷೆಯನ್ನೇ ಎಲ್ಲರೂ ಆಡಲಿ, ಪ್ರಮಾಣವೊಂದಿಲ್ಲದೆ ಯಂತ್ರವು ಕಲಿಯದು ಎಂದು ಕೆಲವರು ವಾದಿಸುವರು. ಯಂತ್ರವು ಆಡುವ ನುಡಿ ಒಂದೇ ತೆರನಾಗಿದ್ದರೆ ಬಾಧಕವಿಲ್ಲ. ಕೇಳುವ ಕಿವಿಯು ಒಂದೇ ತೆರನಾಗಿರುವದು ಸಲ್ಲದು. ರೈತನು ವ್ಯಾಕರಣ ಪರೀಕ್ಷೆಗೆ ಬಂದವನಲ್ಲ, ತೊಗರಿ ಮಾರಲು ಬಂದವನು.

ಇಂಥ ಸಂವಾದವು ಸರಪಳಿಯಂತಿರುವದು. ಧ್ವನಿಯನ್ನು ಶಬ್ದವಾಗಿಸಬೇಕು, ಶಬ್ದದಿಂದ ಇಂಗಿತವನ್ನು ಹಿಡಿಯಬೇಕು, ತಕ್ಕ ಉತ್ತರವನ್ನು ಆಯಬೇಕು. ಒಂದೊಂದು ಕೊಂಡಿಯು ನೂರಕ್ಕೆ 90 ಸಲ ಗಟ್ಟಿಯಾಗಿದ್ದರೂ, ಮೂರೂ ಕೂಡಿ ನಿಲ್ಲುವದು ಸುಮಾರು 73 ಸಲ ಮಾತ್ರ. ಆದಕಾರಣ ತಪ್ಪದ ಯಂತ್ರವನ್ನು ಬಯಸುವದು ವ್ಯರ್ಥ. ತಪ್ಪನ್ನು ತಿದ್ದಿಕೊಳ್ಳಬಲ್ಲ ಯಂತ್ರವು ಬೇಕು. ಅಡತಿ ಅಂಗಡಿಯ ಗುಮಾಸ್ತನಿಗೆ ಗದ್ದಲದಲ್ಲಿ ಊರ ಹೆಸರು ಕೇಳದಿದ್ದರೆ, ‘ತೊಗರಿ ಖರೆ, ಯಾವ ಪ್ಯಾಟಿದು ಬೇಕ್ರಿ?’ ಎಂದು ಬಿಟ್ಟುಹೋದಷ್ಟನ್ನೇ ಕೇಳುವನು; ಮೊದಲಿನಿಂದ ಹೇಳೆನ್ನನು. ನಡುವೆ ಮಾತು ತಡೆದರೆ ನಿಲ್ಲುವನು. ಇದೇ ಸಹಜ ಸಂವಾದದ ಲಕ್ಷಣ. ಸಂಶಯವಿದ್ದೂ ಖಚಿತ ಸ್ವರದಲ್ಲಿ ತಪ್ಪು ಧಾರಣೆಯನ್ನು ಸಾರುವ ಯಂತ್ರಕ್ಕಿಂತ ಮೂಕಯಂತ್ರವೇ ಲೇಸು. ಎಷ್ಟು ಕೇಳಿದರೂ ತಿಳಿಯದಿದ್ದಲ್ಲಿ ಕರೆಯನ್ನು ಮನುಷ್ಯನಿಗೊಪ್ಪಿಸಬೇಕು. 2004ರಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರಿನಲ್ಲಿ ಉತ್ತರಿಸುವವರು ಮನುಷ್ಯರೇ. ಯಂತ್ರ ಬಂದಿತೆಂದು ಆ ಬಾಗಿಲನ್ನು ಮುಚ್ಚಕೂಡದು.

1948ರ ವರೆಗೆ ನಿಜಾಮನ ಆಳಿಕೆಯಲ್ಲಿ ಕಚೇರಿಯ ಭಾಷೆಯು ಉರ್ದುವಾಗಿತ್ತು. ಅದನ್ನರಿಯದ ಕನ್ನಡಿಗನು ಅರ್ಜಿ ಬರೆಯಿಸಲು ಪರರ ಬಾಗಿಲನ್ನು ಕಾಯಬೇಕಾಗಿತ್ತು. ಕನ್ನಡದ ಹೆಸರಿನಲ್ಲಿಯೇ ಆ ಮಧ್ಯವರ್ತಿಯು ಮರಳಿ ಬಂದರೆ ಅದಕ್ಕಿಂತ ಲಜ್ಜಾಸ್ಪದವಾದುದೇನು?

ದೋಷವು ಯಂತ್ರ ಮಾಡುವವರದಷ್ಟೇ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆಯು ಜಿಲ್ಲೆ ಜಿಲ್ಲೆಗಳ ಆಡುನುಡಿಯನ್ನು ಸಂಗ್ರಹಿಸಹತ್ತಿದಾಗ ಕಲಬುರ್ಗಿಯನ್ನೂ ಸೇರಿಸಿಕೊಂಡಿತು. ಆದರೆ ಮಗುವು ‘ಬರಲತ್ತೀನಿ’ ಎಂದೊಡನೆ ಗದರಿಸುವ ಸುಶಿಕ್ಷಿತ ಮನೆಗಳು ಈ ಜಿಲ್ಲೆಯಲ್ಲಿ ಎಷ್ಟಿಲ್ಲ? ಹಾಗೆ ಬೆಳೆದವರು ಧ್ವನಿ ಕೊಡುವಾಗ ಪರಸೀಮೆಯ ನುಡಿಯನ್ನು ನಟಿಸಿದರೆ ಯಂತ್ರವು ಆ ನಟನೆಯನ್ನೇ ಕಲಿಯುವದು. ಅವ್ವನ ಮಾತಿಗೆ ಮನೆಯಲ್ಲಿಯೇ ಮನ್ನಣೆಯಿಲ್ಲದಿದ್ದರೆ ಯಂತ್ರವು ಅದನ್ನು ಎಲ್ಲಿಂದ ತಂದೀತು?