ರೋಮ್‌ಗೆ ಹೊರಟಿರಾ? ಜೇಬು ಜೋಪಾನ!

"ಕೈಯಲ್ಲಿ ಕಾಸಿಲ್ಲದವನಿಗೆ ರೋಮ್ ಯಾಕ್ರೀ?" ಅಂತ ಮೂಗು ಮುರಿಯುವವರಿದ್ದಾರೆ. ಅವರಿಗೆ ನಾನು ಹೇಳುವುದಿಷ್ಟೇ: ಸ್ವಾಮೀ, ತೆರೆಯ ಮೇಲೆ ರೋಮ್ ನಗರವನ್ನು ನಮಗೆ ತೋರಿಸಿಕೊಟ್ಟವರೇ ಕಾಸಿಲ್ಲದವರು!

ವಿಟ್ಟೋರಿಯೋ ಡಿ ಸಿಕಾ ಅವರ 'ಬೈಸಿಕಲ್ ಥೀವ್ಸ್' (1948) ನೋಡಿದ್ದೀರಾ? ನಾಯಕ ಆಂಟೋನಿಯೋಗೆ ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ. ಸೈಕಲ್ ಇದ್ದರೆ ಮಾತ್ರ ಕೆಲಸ. ಹೆಂಡತಿ ಮನೆಯ ದುಪ್ಪಟಿಗಳನ್ನೆಲ್ಲ ಅಡವಿಟ್ಟು ಸೈಕಲ್ ಬಿಡಿಸಿಕೊಡುತ್ತಾಳೆ. ಮೊದಲ ದಿನವೇ, ರೀಟಾ ಹೇವರ್ತ್ ಪೋಸ್ಟರ್ ಅಂಟಿಸುತ್ತಿರುವಾಗ ಸೈಕಲ್ ಮಾಯ! ಅದನ್ನು ಹುಡುಕುತ್ತಾ ಅಪ್ಪ-ಮಗ ರೋಮ್ ಬೀದಿಗಳನ್ನೆಲ್ಲ ಸುತ್ತುತ್ತಾರೆ.

ಇನ್ನೊಂದು ಕಡೆ 'ರೋಮನ್ ಹಾಲಿಡೇ' (1953). ಆಡ್ರೆ ಹೆಪ್‌ಬರ್ನ್ ಅದರಲ್ಲಿ ರಾಜಕುಮಾರಿ. ಆದರೆ ರಾಯಭಾರ ಕಚೇರಿಯಿಂದ ತಪ್ಪಿಸಿಕೊಂಡು ಬಂದವಳ ಹತ್ತಿರ ಬಿಡಿಗಾಸಿಲ್ಲ. ಗ್ರೆಗರಿ ಪೆಕ್ ಕೊಟ್ಟ ಸಾಲದಲ್ಲೇ ಊರು ಸುತ್ತುತ್ತಾಳೆ!

ಇವರು ಓಡಾಡಿದ ಜಾಗಗಳನ್ನು ನೋಡಲು ದೊಡ್ಡ ದುಡ್ಡೇನೂ ಬೇಡ. ಭಾನುವಾರ ಬೆಳಿಗ್ಗೆ ಪೋರ್ತಾ ಪೋರ್ತೇಸೆ ಸಂತೆಗೆ ಹೋಗಿ. ಆಂಟೋನಿಯೋ ಮಳೆಯಲ್ಲಿ ಸೈಕಲ್ ಹುಡುಕಿದ್ದು ಅಲ್ಲೇ. 'ಸತ್ಯದ ಬಾಯಿ' ಎನ್ನುವ ಕಲ್ಲಿನ ಮುಖ ಸಾಂತಾ ಮರಿಯಾ ಇನ್ ಕಾಸ್ಮೆದಿನ್ ಇಗರ್ಜಿಯ ಮೊಗಸಾಲೆಯಲ್ಲಿದೆ. ಸುಳ್ಳುಗಾರ ಕೈ ಇಟ್ಟರೆ ಕಚ್ಚುತ್ತದಂತೆ! ಸ್ಪ್ಯಾನಿಷ್ ಮೆಟ್ಟಿಲು ಹತ್ತಬಹುದು, ಆದರೆ ಹೆಪ್‌ಬರ್ನ್ ಹಾಗೆ ಐಸ್‌ಕ್ರೀಂ ಹಿಡಿದು ಕೂರುವ ಹಾಗಿಲ್ಲ. 2019ರಿಂದ ಕೂತವರಿಗೆ ದಂಡ. 'ಲಾ ದೋಲ್ಚೆ ವೀಟಾ'ದಲ್ಲಿ (1960) ಅನಿತಾ ಎಕ್‌ಬರ್ಗ್ ಟ್ರೆವಿ ಕಾರಂಜಿಗೆ ಇಳಿದಳು ಅಂತ ನೀವೂ ಇಳಿದೀರಿ, ಜೋಕೆ! ಅಲ್ಲೂ ದಂಡವೇ. ಪ್ಯಾಂಥಿಯನ್‌ಗೆ 2023ರ ಜುಲೈನಿಂದ ಟಿಕೆಟ್ ಬಂದಿದೆ. ಕೊಲೊಸಿಯಂ ತಿಂಗಳ ಮೊದಲ ಭಾನುವಾರ ಪುಕ್ಕಟೆ. ವ್ಯಾಟಿಕನ್ ಮ್ಯೂಸಿಯಂ ಕೊನೆಯ ಭಾನುವಾರ ಪುಕ್ಕಟೆ. ಸಾಲು ಉದ್ದ ಇರುತ್ತೆ. ಮೊದಲ ದಿನ, ಮೊದಲ ಆಟಕ್ಕೆ ಕ್ಯೂ ನಿಂತವರಿಗೆ ಅದೇನು ಮಹಾ?

ಇನ್ನು ಹೊಟ್ಟೆ ಪಾಡು. ಅಲ್ಲಿ ಕಾಫಿ ಅಂಗಡಿಗೆ 'ಬಾರ್' ಅನ್ನುತ್ತಾರೆ, ಗಾಬರಿಯಾಗಬೇಡಿ. ನಮ್ಮ ದರ್ಶಿನಿಯ ಹಾಗೆ ಕೌಂಟರ್ ಪಕ್ಕ ನಿಂತೇ ಕುಡಿಯಿರಿ. ಮೇಜಿಗೆ ತರಿಸಿದರೆ ಅದೇ ಕಾಫಿಗೆ ಬೆಲೆ ಜಾಸ್ತಿ. ನೀರಿನ ಬಾಟಲಿ ಕೊಳ್ಳಬೇಡಿ. ಬೀದಿ ಬೀದಿಯಲ್ಲೂ 'ನಾಸೋನಿ' ಎಂಬ ನಲ್ಲಿಗಳಿವೆ, ಕುಡಿಯಲು ಯೋಗ್ಯವಾದ ತಣ್ಣನೆ ನೀರು ಹಗಲೂ ರಾತ್ರಿ ಹರಿಯುತ್ತೆ. ಕ್ರಿಸ್‌ಮಸ್ ಸಮಯ ಬಿಟ್ಟು ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋದರೆ ಕೋಣೆ ಬಾಡಿಗೆ ಕಡಿಮೆ. ಬಾಡಿಗೆ ಜೊತೆಗೆ ತಲೆಗಿಷ್ಟು, ರಾತ್ರಿಗಿಷ್ಟು ಅಂತ ನಗರ ತೆರಿಗೆ ಬೇರೆ ಕೊಡಬೇಕು. ಬಸ್ಸಿನ ಕಾಗದದ ಟಿಕೆಟ್ ಕೊಂಡರೆ ಸಾಲದು, ಒಳಗಿನ ಯಂತ್ರದಲ್ಲಿ ಮುದ್ರೆ ಒತ್ತಿಸಲೇಬೇಕು. ವ್ಯಾಟಿಕನ್ ಕಡೆಗೆ ಹೋಗುವ 64ನೇ ನಂಬರ್ ಬಸ್ಸಿನಲ್ಲಿ ಪರ್ಸು ಮುಂದಿನ ಜೇಬಿನಲ್ಲಿರಲಿ. ಆಂಟೋನಿಯೋನ ಸೈಕಲ್ ಕದ್ದವರ ವಂಶ ಇನ್ನೂ ಮುಗಿದಿಲ್ಲ!

ಕೊನೆಯದಾಗಿ, ನನ್ನ ಲೆಕ್ಕದಲ್ಲಿ ಇದೇ ಮುಖ್ಯ. ಆ ಚಿತ್ರದಲ್ಲಿ ಒಂದು ಹೋಟೆಲ್ ದೃಶ್ಯವಿದೆ. ಎಲ್ಲ ಕಳೆದುಕೊಂಡ ಅಪ್ಪ ಮಗನಿಗೆ ಒಂದು ಒಳ್ಳೆ ಊಟ ಹಾಕಿಸುತ್ತಾನೆ. ತಿನ್ನುತ್ತಲೇ, ಆ ಕೆಲಸ ಉಳಿದಿದ್ದರೆ ತಿಂಗಳಿಗೆ ಎಷ್ಟು ಬರುತ್ತಿತ್ತು ಅಂತ ಮಗನ ಕೈಯಲ್ಲಿ ಕಾಗದದ ಮೇಲೆ ಲೆಕ್ಕ ಹಾಕಿಸುತ್ತಾನೆ. ಬಾರದ ದುಡ್ಡಿನ ಲೆಕ್ಕ! ನೀವು ಅದನ್ನು ಮಾಡಬೇಡಿ. ವೀಸಾ ಶುಲ್ಕವೇ 90 ಯೂರೋ, ವೀಸಾ ಸಿಗದಿದ್ದರೂ ವಾಪಸ್ ಬರದು. ಆಂಟೋನಿಯೋ ಮನೆಯವರು ದುಪ್ಪಟಿ ಅಡವಿಟ್ಟದ್ದು ಅನ್ನಕ್ಕಾಗಿ. ಊರು ನೋಡುವ ಚಪಲಕ್ಕೆ ಅಮ್ಮನ ಬಳೆ ಅಡವಿಡುವುದು ಗಂಡಸುತನವಲ್ಲ ಗೆಳೆಯಾ. ದುಡಿದು ಕೂಡಿಡಿ, ಆಮೇಲೆ ಹೊರಡಿ. ಎರಡು ಸಾವಿರ ವರ್ಷಕ್ಕೂ ಮೀರಿ ನಿಂತಿರುವ ರೋಮ್ ನಿಮಗಾಗಿ ಇನ್ನೆರಡು ವರ್ಷ ಕಾಯಲಾರದೇ?