ಸೈಕಲ್ಲಿನ ಮೈಮೇಲಿನ ಅಕ್ಷರಗಳು

ಹಳೆಯ ಸೈಕಲ್ಲುಗಳಿಗೆ ಈಗ ಯೋಗ ಕೂಡಿಬಂದಿದೆ. ಒಂದು ಕಾಲಕ್ಕೆ ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದ ರ‍್ಯಾಲಿ, ಹರ್ಕ್ಯುಲಿಸ್, ಫಿಲಿಪ್ಸ್, ಹಂಬರ್ ಗಾಡಿಗಳನ್ನು ಹುಡುಕಿಕೊಂಡು ಬೆಂಗಳೂರಿನವರು ನಮ್ಮ ಚಾಂಪಿಯನ್ ರೀಫ್ಸ್‌ವರೆಗೂ ಬರುತ್ತಿದ್ದಾರೆ. ನನ್ನಲ್ಲಿ ಕಲಿತ ಇಬ್ಬರು ಮೂವರು ಈಚೆಗೆ ಒಂದೇ ಪ್ರಶ್ನೆ ಕೇಳಿದರು: “ಸಾರ್, ಅಪ್ಪನ ಸೈಕಲ್ಲಿಗೆ ಹೊಸ ಬಣ್ಣ ಹೊಡೆಸಿ, ಕಂಪನಿ ಸ್ಟಿಕ್ಕರ್ ಹಾಕಿಸೋಣವೆಂದಿದ್ದೇವೆ. ಹೇಗೆ?” ಎಲ್ಲರಿಗೂ ಸೇರಿ ಇಲ್ಲಿ ಉತ್ತರ ಬರೆಯುತ್ತಿದ್ದೇನೆ. ಆದಷ್ಟು ಮಟ್ಟಿಗೆ ಹಾಕಿಸಬೇಡಿ ಎಂಬುದೇ ಆ ಉತ್ತರ.

ಆ ಕಾಲದ ಸೈಕಲ್ಲಿನ ಗುರುತುಗಳು ಎರಡು ಬಗೆಯವು. ಹ್ಯಾಂಡಲ್ಲಿನ ಕೆಳಗೆ, ಫ್ರೇಮಿನ ಮುಂಭಾಗದಲ್ಲಿ ಕೂರಿಸಿದ ಲೋಹದ ಬಿಲ್ಲೆ ಒಂದು. ಕೊಳವೆಗಳ ಮೇಲೆ ಅಂಟಿಸಿದ ಬಣ್ಣದ ಅಚ್ಚು ಇನ್ನೊಂದು. ರ‍್ಯಾಲಿಯ ಬಿಲ್ಲೆಯಲ್ಲಿರುವ ಬಕಪಕ್ಷಿಯು ಕಂಪನಿಯನ್ನು ಬೆಳೆಸಿದ ಫ್ರ್ಯಾಂಕ್ ಬೌಡನ್ ಅವರ ಮನೆತನದ ಲಾಂಛನದಿಂದ ಬಂದದ್ದು. ಬಿ.ಎಸ್.ಎ. ಗುರುತಿನಲ್ಲಿ ಒಂದಕ್ಕೊಂದು ಆನಿಸಿ ನಿಲ್ಲಿಸಿದ ಮೂರು ಬಂದೂಕುಗಳಿವೆ. ಏಕೆಂದರೆ 1861ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಆ ಕಂಪನಿ ಹುಟ್ಟಿದ್ದೇ ಬಂದೂಕು ತಯಾರಿಸಲು. ಇನ್ನು ಕೊಳವೆಯ ಮೇಲಿನ ಅಚ್ಚುಗಳು, ನೀವು ಚಿಕ್ಕಂದಿನಲ್ಲಿ ನೀರಿನಲ್ಲಿ ಒದ್ದೆ ಮಾಡಿ ನೋಟುಬುಕ್ಕಿಗೆ ಅಂಟಿಸುತ್ತಿದ್ದ ಚಿತ್ರಗಳ ಜಾತಿಗೇ ಸೇರಿದವು. ಕಾಗದದ ಮೇಲೆ ಪದರಪದರವಾಗಿ ಮುದ್ರಿಸಿದ ಅಕ್ಷರಗಳನ್ನು ಫ್ರೇಮಿಗೆ ವರ್ಗಾಯಿಸಿ, ಕಾಗದವನ್ನು ತೆಗೆದುಹಾಕಿ, ಮೇಲೆ ತೆಳುವಾಗಿ ವಾರ್ನಿಷ್ ಬಳಿಯುತ್ತಿದ್ದರು. ವರ್ಷಗಳು ಕಳೆದಂತೆ ಆ ವಾರ್ನಿಷ್ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಅಕ್ಷರಗಳ ಹೊಂಬಣ್ಣ ಮಾಗುತ್ತದೆ. ಇಂದಿನ ಪ್ಲಾಸ್ಟಿಕ್ ಸ್ಟಿಕ್ಕರಿನ ಅಂಚು ಉಗುರಿಗೆ ಸಿಕ್ಕುತ್ತದೆ; ಅದರ ‘ಚಿನ್ನ’ ಬರಿಯ ಹಳದಿ ಶಾಯಿ. ಹೊಳೆದದ್ದೆಲ್ಲ ಚಿನ್ನವಲ್ಲ ಎಂಬುದನ್ನು ನಮ್ಮ ಊರಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ನನ್ನ ಆಕ್ಷೇಪ ಅಂದಚೆಂದದ್ದು ಮಾತ್ರವಲ್ಲ, ಸತ್ಯದ್ದು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಕಾಲಿಟ್ಟ ಮೇಲೆ ಈ ಊರಿಗೆ ‘ಪುಟ್ಟ ಇಂಗ್ಲೆಂಡ್’ ಎಂಬ ಹೆಸರು ಬಂತು. ಆದರೆ ನಿಮ್ಮ ತಂದೆಯವರು ತುಳಿದ ಸೈಕಲ್ಲುಗಳಲ್ಲಿ ಬಹುಪಾಲು ಇಂಗ್ಲೆಂಡಿನವಲ್ಲ. 1949ರಲ್ಲಿ ಮದರಾಸಿನಲ್ಲಿ ಟಿ.ಐ. ಸೈಕಲ್ಸ್ ಸ್ಥಾಪನೆಯಾಯಿತು; 1951ರಿಂದ ಅಂಬತ್ತೂರಿನಲ್ಲಿ ಹರ್ಕ್ಯುಲಿಸ್ ತಯಾರಾಗತೊಡಗಿತು. ಅದೇ ದಶಕದಲ್ಲಿ ಬಂಗಾಳದ ಆಸನ್ಸೋಲಿನಲ್ಲಿ ಸೆನ್-ರ‍್ಯಾಲಿ ಕಾರ್ಖಾನೆ ಬೆಳೆಯಿತು. ನಮ್ಮ ಗಣಿಗಳನ್ನು ಮೈಸೂರು ಸರ್ಕಾರ ವಹಿಸಿಕೊಂಡ 1956ರಲ್ಲಿಯೇ ಲೂಧಿಯಾನದಲ್ಲಿ ಹೀರೋ ಆರಂಭವಾಯಿತು. ಸ್ವತಂತ್ರ ಭಾರತ ತನ್ನ ಗಾಡಿಯನ್ನು ತಾನೇ ಕಟ್ಟಿಕೊಂಡ ಕಥೆಯಿದು. ಈಗ ಅಂಬತ್ತೂರಿನ ಹರ್ಕ್ಯುಲಿಸ್ ಗಾಡಿಗೆ ‘ಇಂಗ್ಲೆಂಡಿನಲ್ಲಿ ತಯಾರಾದದ್ದು’ ಎಂಬ ಸ್ಟಿಕ್ಕರ್ ಅಂಟಿಸಿದರೆ ಬೆಲೆ ಹೆಚ್ಚುತ್ತದೆಯೆಂದು ಬಣ್ಣ ಹೊಡೆಯುವವನೊಬ್ಬ ನನ್ನ ಶಿಷ್ಯನಿಗೆ ಸಲಹೆ ಕೊಟ್ಟನಂತೆ. ಕೊಳ್ಳುವವನಿಗೆ ಅದು ಮೋಸ. ಕೂಡಿಟ್ಟ ಸಂಬಳದಲ್ಲಿ ಆ ಸೈಕಲ್ ಕೊಂಡ ತಂದೆಗೆ ಅವಮಾನ. ಅವರು ದುಡಿದು ಕೊಂಡದ್ದು ಯಾವುದೋ ಅದೇ ದೊಡ್ಡದು.

ಅಕ್ಷರ ಸುಳ್ಳು ಹೇಳಿದರೂ ಕಬ್ಬಿಣ ಸುಳ್ಳು ಹೇಳುವುದಿಲ್ಲ. ಫ್ರೇಮಿನಲ್ಲಿ ಒತ್ತಿದ ಸಂಖ್ಯೆ ಇರುತ್ತದೆ. ಗೇರಿರುವ ಇಂಗ್ಲಿಷ್ ಸೈಕಲ್ಲಾದರೆ ಹಿಂಚಕ್ರದ ಸ್ಟರ್ಮಿ-ಆರ್ಚರ್ ಹಬ್ಬಿನ ಮೇಲೆ ಸಾಮಾನ್ಯವಾಗಿ ತಯಾರಾದ ವರ್ಷವನ್ನೂ ಒತ್ತಿರುತ್ತಾರೆ. ಬಲ್ಲವರು ಮೊದಲು ನೋಡುವುದು ಅವನ್ನೇ.

ಇದಕ್ಕಿಂತ ನನ್ನನ್ನು ಹೆಚ್ಚು ನೋಯಿಸುವುದು ಇನ್ನೊಂದು. ಚೈನ್ ಕವರಿನ ಮೇಲೆ ಬೋರ್ಡ್ ಬರೆಯುವವರಿಂದ ಬರೆಸಿದ ಯಜಮಾನನ ಹೆಸರು. ಅದು ನಮ್ಮಲ್ಲಿ ತಮಿಳು, ಕನ್ನಡ, ತೆಲುಗು, ಇಂಗ್ಲಿಷ್ ಯಾವುದರಲ್ಲಾದರೂ ಇರಬಹುದು. ಸೈಕಲ್ ತೆರಿಗೆ ಕಟ್ಟಿಸಿಕೊಂಡು ಕೊಡುತ್ತಿದ್ದ ತಗಡಿನ ಬಿಲ್ಲೆ. ಆಯುಧಪೂಜೆಯ ಕುಂಕುಮ ಇಳಿದು ಸಂದಿಯಲ್ಲಿ ಉಳಿದ ಕಲೆ. ಮಗುವನ್ನು ಕೂರಿಸಲು ಬಾರಿಗೆ ಸಣ್ಣ ಸೀಟು ಬಿಗಿದ ಗುರುತು. ಇವೆಲ್ಲ ‘ಅಸಲಿ’ಯಲ್ಲವೆಂದು ಉಜ್ಜಿ ತೆಗೆದು, ಕಾರ್ಖಾನೆಯಿಂದ ಹೊರಬಂದ ದಿನದ ರೂಪಕ್ಕೆ ತರುವುದನ್ನೇ ಪುನರುಜ್ಜೀವನವೆನ್ನುತ್ತಾರೆ. ನಾನು ಒಪ್ಪಲಾರೆ. ಕಾರ್ಖಾನೆಯಲ್ಲಿ ಅದು ಇದ್ದದ್ದು ಕೆಲವು ದಿನ. ನಿಮ್ಮ ಮನೆಯಲ್ಲಿ ಇದ್ದದ್ದು ನಲವತ್ತು ವರ್ಷ. ಹಲ್ಮಿಡಿ ಶಾಸನದ ಅಕ್ಷರ ಸವೆದಿದೆಯೆಂದು ಉಳಿ ಹಿಡಿದು ಹೊಸದಾಗಿ ಕೊರೆಯುವವರುಂಟೇ?

“ತುಕ್ಕು ಹಿಡಿದು ಫ್ರೇಮೇ ತೂತಾಗುತ್ತಿದ್ದರೆ?” ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸೈಕಲ್ ತುಳಿಯುವುದಕ್ಕೆ ಇರುವುದು, ಪೂಜೆಗಲ್ಲ. ಆಗ ಬಣ್ಣ ಹೊಡೆಸಲೇಬೇಕು. ಆದರೆ ಮೊದಲು ಪ್ರತಿಯೊಂದು ಗುರುತಿನ ಮೇಲೂ ತೆಳುಕಾಗದವಿಟ್ಟು ಅಳತೆ ಸಮೇತ ನಕಲು ತೆಗೆಯಿರಿ, ಹಗಲ ಬೆಳಕಿನಲ್ಲಿ ಛಾಯಾಚಿತ್ರ ತೆಗೆಯಿರಿ. ಬ್ರಿಟನ್ನಿನ ವೆಟರನ್-ಸೈಕಲ್ ಕ್ಲಬ್ಬಿನಂಥ ಸಂಘದವರು ಹಳೆಯ ಅಚ್ಚುಗಳ ನಕಲುಗಳನ್ನು ಆಸ್ಥೆಯಿಂದ ಮಾಡಿಸುತ್ತಾರೆ. ಅಂಥ ನಿಷ್ಠೆ ನಮಗೂ ಇರಲಿ. ಇದ್ದದ್ದನ್ನೇ ಹಾಕಿಸಿ, ಇಲ್ಲದ್ದನ್ನು ಬೇಡ. ಯಾವ ವರ್ಷ ಬಣ್ಣ ಹೊಡೆಸಿದಿರೆಂದು ಸೀಟಿನ ಅಡಿಯಲ್ಲಿ ಬರೆದಿಡಿ. ಅಕ್ಷರ ಮಸುಕಾಗಿದ್ದರೂ ಗಟ್ಟಿಯಾಗಿದ್ದರೆ ಮುಟ್ಟಬೇಡಿ. ಪೆಟ್ರೋಲು, ಸೀಮೆಎಣ್ಣೆ, ಥಿನ್ನರ್ ಸೋಕಿಸದೆ ಒದ್ದೆ ಬಟ್ಟೆಯಿಂದ ಮೆಲ್ಲನೆ ಒರೆಸಿದರೆ ಸಾಕು.

2001ರ ಫೆಬ್ರವರಿ 28ರಂದು ನಮ್ಮ ಗಣಿಗಳು ಮುಚ್ಚಿದವು. ಅದರೊಂದಿಗೆ ಯಂತ್ರಗಳು ಹೋದವು, ಶಿಫ್ಟಿನ ಗಡಿಬಿಡಿ ಹೋಯಿತು, ನಿಮ್ಮಲ್ಲಿ ಎಷ್ಟೋ ಮಂದಿ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿನ ದಾರಿ ಕಂಡುಕೊಂಡಿರಿ. ಗಣಿಯ ಚಿನ್ನದಲ್ಲಿ ಒಂದು ಗುಂಜಿಯೂ ನಮ್ಮ ಮನೆಗಳಲ್ಲಿ ಉಳಿಯಲಿಲ್ಲ. ತಂದೆಯವರ ಸೈಕಲ್ಲಿನ ಮೇಲೆ ಅರೆಬರೆ ಅಳಿಸಿದ ಹೊಂಬಣ್ಣದ ನಾಲ್ಕು ಅಕ್ಷರ ಉಳಿದಿದ್ದರೆ, ದಯವಿಟ್ಟು ಅವನ್ನು ಉಜ್ಜಬೇಡಿ. ಮಕ್ಕಳನ್ನು ಕರೆದು ಓದಿಸಿ.